ಲೆಮ್ಮಿಗೆ ಹೆದರಿದ ಕ್ಯಾಮೆರಾ

ಕಲಾವಿದನಿಗೆ ವಯಸ್ಸಾದರೆ ನಮ್ಮಲ್ಲಿ ಅಭಿನಂದನ ಗ್ರಂಥ ಸಿದ್ಧವಾಗುತ್ತದೆ, ಪಾಶ್ಚಾತ್ಯರಲ್ಲಿ ಸಾಕ್ಷ್ಯಚಿತ್ರ. ಎರಡಕ್ಕೂ ಅಂಟಿದ ರೋಗ ಒಂದೇ: ವ್ಯಕ್ತಿಯನ್ನು ನೋಡುವ ಬದಲು ಅವನನ್ನು ಹೊಗಳುವವರನ್ನು ಸಾಲಾಗಿ ಕೂರಿಸುವುದು. ಗ್ರೆಗ್ ಆಲಿವರ್ ಮತ್ತು ವೆಸ್ ಒರ್ಶೋಸ್ಕಿ ನಿರ್ದೇಶಿಸಿದ 2010ರ ‘ಲೆಮ್ಮಿ’ ಚಿತ್ರ ಇದಕ್ಕೆ ತಕ್ಕ ನಿದರ್ಶನ.

ಲೆಮ್ಮಿ ಕಿಲ್ಮಿಸ್ಟರನ ಸಾಧನೆಯ ಬಗ್ಗೆ ನನ್ನ ತಕರಾರಿಲ್ಲ. 1975ರಲ್ಲಿ ಹಾಕ್‌ವಿಂಡ್ ತಂಡ ಹೊರಹಾಕಿದಾಗ ಅವನು ಮೋಟರ್‌ಹೆಡ್ ಕಟ್ಟಿದ. 2015ರಲ್ಲಿ ಸಾಯುವವರೆಗೂ ಅದನ್ನು ನಡೆಸಿದ. ಹಿಂದೆ ನಿಂತು ಲಯ ಕಾಯಬೇಕಾದ ಬಾಸ್ ಗಿಟಾರಿನಲ್ಲಿ ಸ್ವರಗುಚ್ಛಗಳನ್ನು ನುಡಿಸಿ, ಅದನ್ನು ರಾಕ್ ಸಂಗೀತದ ಮುಂಚೂಣಿಗೆ ತಂದ. ಚಿತ್ರದಲ್ಲಿ ಓಜಿ ಆಸ್ಬರ್ನ್, ಡೇವ್ ಗ್ರೋಲ್, ಮೆಟಾಲಿಕಾದ ಸದಸ್ಯರು ಅವನನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ.

ಆದರೆ ಅವನ ಲಾಸ್ ಏಂಜಲೀಸ್ ಮನೆಯ ತುಂಬ ನಾಜಿ ಕಾಲದ ಕಠಾರಿಗಳು, ಪದಕಗಳು. ಅಂದಕ್ಕೆ ಮರುಳಾಗಿ ಕೂಡಿಹಾಕಿದೆ ಎಂಬುದು ಅವನ ಸಮಜಾಯಿಷಿ. ಅವನನ್ನು ನಾಜಿವಾದಿ ಎಂದು ನಾನು ಕರೆಯುತ್ತಿಲ್ಲ. ಆದರೆ ಲಕ್ಷಾಂತರ ಜನರನ್ನು ಕೊಂದವರ ಲಾಂಛನದಲ್ಲಿ ಅಂದವನ್ನಷ್ಟೇ ಸೋಸಿಕೊಳ್ಳಲು ಬರುತ್ತದೆಯೆ? ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳುವ ಬದಲು ಚಿತ್ರ ಅದನ್ನೆಲ್ಲ ಮುದುಕನ ವಿಲಕ್ಷಣ ಹವ್ಯಾಸವೆಂಬಂತೆ ತೋರಿಸಿ ಮುಂದೆ ಸಾಗುತ್ತದೆ.

‘ಅಭಿಮಾನಿಗಳು ಮಾಡಿದ ಚಿತ್ರದಲ್ಲಿ ವಿಚಾರಣೆಯೇಕೆ?’ ಎನ್ನುವವರಿಗೆ ಉತ್ತರ ಆ ಚಿತ್ರದಲ್ಲೇ ಇದೆ. ಈ ಕೋಣೆಯಲ್ಲಿ ನಿನಗೆ ಅತ್ಯಂತ ಅಮೂಲ್ಯವಾದದ್ದು ಯಾವುದು ಎಂದು ಕೇಳಿದಾಗ, ಲೆಮ್ಮಿ ಪಕ್ಕದಲ್ಲಿ ಕುಳಿತ ಮಗನನ್ನು ಹೆಸರಿಸುತ್ತಾನೆ. ಲೆಮ್ಮಿ ಮೂರು ತಿಂಗಳ ಕೂಸಾಗಿದ್ದಾಗಲೇ ಪಾದ್ರಿಯಾಗಿದ್ದ ತಂದೆ ಮನೆ ಬಿಟ್ಟಿದ್ದ ಎಂಬುದನ್ನು ಬಲ್ಲವರಿಗೆ ಆ ಒಂದು ಮಾತಿನ ಭಾರ ತಿಳಿಯುತ್ತದೆ. ಅಷ್ಟೂ ಪ್ರಶಸ್ತಿವಚನಗಳಿಂದ ಸಿಗದ ಮನುಷ್ಯ ಒಂದು ನೇರ ಪ್ರಶ್ನೆಗೆ ಸಿಕ್ಕಿಬಿಡುತ್ತಾನೆ.

ಉತ್ತರಿಸಲು ಅಂಜುವ ಜೀವವೂ ಅದಾಗಿರಲಿಲ್ಲ. ಹೆರಾಯಿನನ್ನು ದ್ವೇಷಿಸುತ್ತಿದ್ದ ಅವನನ್ನು 2005ರಲ್ಲಿ ವೇಲ್ಸ್‌ನ ಶಾಸನಸಭೆಗೆ ಮಾತನಾಡಲು ಕರೆದಾಗ, ಕರೆದವರೇ ತಬ್ಬಿಬ್ಬಾಗುವಂತೆ, ಅದನ್ನು ಕಾನೂನುಬದ್ಧಗೊಳಿಸಿ ನಿಯಂತ್ರಿಸಿರೆಂದು ವಾದಿಸಿದ್ದ. ಇಂಥವನ ಎದುರು ಕ್ಯಾಮೆರಾ ಇಟ್ಟು ಸಂಕೋಚದಿಂದ ಕೈಕಟ್ಟಿ ನಿಂತವರು ನಿರ್ದೇಶಕರು.

ಹಿರಿಯ ಕಲಾವಿದನನ್ನು ಕಠಿಣ ಪ್ರಶ್ನೆಗಳಿಂದ ಕಾಪಾಡುವುದನ್ನು ನಾವು ಗೌರವವೆಂದು ಭ್ರಮಿಸಿದ್ದೇವೆ. ಅವನಿಗಿನ್ನು ಉತ್ತರಿಸುವ ಶಕ್ತಿಯಿಲ್ಲವೆಂದು ತೀರ್ಮಾನಿಸಿದವರಷ್ಟೇ ಹಾಗೆ ಮಾಡಿಯಾರು. ಅದಕ್ಕಿಂತ ದೊಡ್ಡ ಅವಮಾನ ಬೇಕೆ?