ಬಾವಿಗೆ ವಿಷ ಹಾಕಿದವರು ಯಾರು?

ಕಳೆದ ತಿಂಗಳ ಸಭೆ ಮುಗಿದು ಟೀ ಕುಡೀತಾ ನಿಂತಿದ್ದಾಗ ಹಾಸ್ಟೆಲಿನ ಒಬ್ಬ ತಮ್ಮ ಕೇಳಿದ: ‘ಅಣ್ಣಾ, ಹಿಟ್ಲರ್ ಮಾಡಿದ್ರಲ್ಲಿ ತಪ್ಪೇನು? ಯಹೂದಿಗಳು ಬಡ್ಡಿ ತಿನ್ನೋರಂತಲ್ಲ, ನಮ್ಮೂರ ಸಾವ್ಕಾರನ ಥರ.’ ಹುಡುಗ ಕೆಟ್ಟವನಲ್ಲ. ಅವನ ತಾತ ಸಾಲಕ್ಕೆ ಜೀತಕ್ಕಿದ್ದವನು. ಬಡ್ಡಿಯ ಮೇಲೆ ಅವನಿಗಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನು ಯಾರ ಮೇಲೆ ಎಸೆಯಬೇಕು ಅನ್ನೋದನ್ನು ಅವನಿಗೆ ಬೇರೆ ಯಾರೋ ಕಲಿಸಿದ್ದಾರೆ. ಅದಕ್ಕೇ ಈ ಸಲ ಒಂದು ದೂರದ ಊರಿನ ಕತೆ ಬರೆಯುತ್ತಿದ್ದೇವೆ.

ಊರಿನ ಹೆಸರು ಸ್ಟ್ರಾಸ್‌ಬರ್ಗ್. ರೈನ್ ನದಿಯ ಹತ್ತಿರ, ಇವತ್ತಿನ ಫ್ರಾನ್ಸಿನಲ್ಲಿದೆ. ಆಗ ಜರ್ಮನ್ ಚಕ್ರವರ್ತಿಗೆ ಸೇರಿತ್ತು. 1347ರಲ್ಲಿ ಹಡಗುಗಳ ಜೊತೆ ಪ್ಲೇಗು ಯುರೋಪಿಗೆ ಬಂದು ಊರೂರೇ ಖಾಲಿಯಾಗತೊಡಗಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ತಿಳಿಯಲು ಇನ್ನೂ 550 ವರ್ಷ ಬೇಕಿತ್ತು. ನಮ್ಮ ಕಡೆ ಪ್ಲೇಗು ಬಂದಾಗ ಜನ ಪ್ಲೇಗಮ್ಮನ ಗುಡಿ ಕಟ್ಟಿದರು. ಅಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅಂದರು.

1348ರಲ್ಲಿ ಸವಾಯ್ ಸೀಮೆಯ ಶಿಯೋಂ ಕೋಟೆಯಲ್ಲಿ ಯಹೂದಿಗಳನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು, ‘ಹೌದು, ಹಾಕಿದೆವು’ ಅನ್ನಿಸಿದರು. ಚಿತ್ರಹಿಂಸೆಯಲ್ಲಿ ಹೌದು ಅನ್ನದವನು ಯಾರು? ಪೊಲೀಸ್ ಲಾಕಪ್ಪು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ತಪ್ಪೊಪ್ಪಿಗೆಯ ಕಾಗದಗಳು ಊರಿಂದೂರಿಗೆ ಹೋದವು. ಸ್ವತಃ ಪೋಪ್ ಆರನೆಯ ಕ್ಲೆಮೆಂಟನೇ ಅದೇ ವರ್ಷ ಆಜ್ಞೆ ಹೊರಡಿಸಿ, ಯಹೂದಿಗಳೂ ಪ್ಲೇಗಿನಿಂದ ಸಾಯ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯೂ ಪ್ಲೇಗು ಬಂದಿದೆ ಅಂತ ತಿಳಿಹೇಳಿದ. ಯಾರು ಕೇಳ್ತಾರೆ?

ಸ್ಟ್ರಾಸ್‌ಬರ್ಗಿನ ನಗರಸಭೆಯ ಮುಖಂಡರು ಮೊದಲು ಒಪ್ಪಲಿಲ್ಲ. ಸಾಕ್ಷಿ ಎಲ್ಲಿ ಅಂದರು. 1349ರ ಜನವರಿಯಲ್ಲಿ ಬಿಷಪ್ಪೂ ಸುತ್ತಲ ಪಾಳೆಯಗಾರರೂ ಸಭೆ ಸೇರಿ ಯಹೂದಿಗಳ ವಿರುದ್ಧ ತೀರ್ಮಾನ ಮಾಡಿಕೊಂಡರು. ಫೆಬ್ರವರಿಯಲ್ಲಿ ಕಸುಬುದಾರರ ಸಂಘದವರು ಎದ್ದು ಆ ಮುಖಂಡರನ್ನು ಕಿತ್ತೆಸೆದರು. ಫೆಬ್ರವರಿ 14, ಶನಿವಾರ. ಯಹೂದಿಗಳಿಗೆ ಅದು ದುಡಿಯದೆ ದೇವರನ್ನು ನೆನೆಯುವ ದಿನ. ಅವರದೇ ಸ್ಮಶಾನದಲ್ಲಿ ಮರದ ಅಟ್ಟಣೆ ಕಟ್ಟಿ, ಅದರ ಮೇಲೆ ಹತ್ತಿಸಿ ಸುಟ್ಟರು. ಆ ಊರಿನ ಚರಿತ್ರೆ ಬರೆದವರು ಎರಡು ಸಾವಿರ ಜನ ಅಂತಾರೆ. ಕ್ರಿಸ್ತರಾಗ್ತೀವಿ ಅಂದವರನ್ನು ಬಿಟ್ಟರು. ಮಕ್ಕಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು ದೀಕ್ಷೆ ಕೊಟ್ಟರು.

ಇನ್ನೊಂದು ವಿಷಯ ಕೇಳಿ. ಅವತ್ತಿಗೆ ಸ್ಟ್ರಾಸ್‌ಬರ್ಗಿಗೆ ಪ್ಲೇಗು ಬಂದೇ ಇರಲಿಲ್ಲ! ಬಂದದ್ದು ಕೆಲವು ತಿಂಗಳಾದ ಮೇಲೆ, ವಿಷ ಹಾಕೋಕೆ ಊರಲ್ಲಿ ಯಹೂದಿಗಳೇ ಇಲ್ಲದಾಗ.

ಹಾಗಾದರೆ ಸುಟ್ಟದ್ದು ಯಾಕೆ? ಬೂದಿ ಆರುವ ಮುಂಚೆ ಏನಾಯಿತು ನೋಡಿ. ಸಾಲದ ಪತ್ರಗಳನ್ನೂ ಅಡವಿಟ್ಟ ಒಡವೆಗಳನ್ನೂ ಸಾಲಗಾರರಿಗೆ ವಾಪಸು ಕೊಟ್ಟರು. ನಗದನ್ನು ಕಸುಬುದಾರರು ಹಂಚಿಕೊಂಡರು. ಸುತ್ತಲ ದೊರೆಗಳೆಲ್ಲ ಸಾಲದಲ್ಲಿದ್ದರು, ಯಹೂದಿಗಳನ್ನು ಕೊಂದ ವಿಷ ದುಡ್ಡೇ ಅಂತ ಅದೇ ಊರಿನ ಪಾದ್ರಿಯೊಬ್ಬ ಆಮೇಲೆ ತನ್ನ ಚರಿತ್ರೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿಟ್ಟ.

‘ನೋಡಿ, ಬಡ್ಡಿ ತಿಂತಿದ್ದದ್ದು ನಿಜ ತಾನೆ’ ಅಂತ ನಮ್ಮ ತಮ್ಮ ಈಗಲೂ ಕೇಳಬಹುದು. ಯಾಕೆ ತಿಂದರು? ಬಹುಪಾಲು ಕಡೆ ಅವರಿಗೆ ಭೂಮಿ ಕೊಡಲಿಲ್ಲ. ಕಸುಬಿನ ಸಂಘಗಳು ಕ್ರಿಸ್ತರಿಗೆ ಮಾತ್ರ. ಬಡ್ಡಿ ಪಾಪ, ಕ್ರಿಸ್ತರು ಮುಟ್ಟಕೂಡದು ಅಂತ ಚರ್ಚು ಹೇಳಿತು, ಸಾಲ ಮಾತ್ರ ಎಲ್ಲರಿಗೂ ಬೇಕಿತ್ತು. ಎಲ್ಲ ಬಾಗಿಲು ಹಾಕಿ ಒಂದು ಕಿಂಡಿ ಬಿಟ್ಟು, ಅದರಲ್ಲಿ ಯಾಕೆ ನುಗ್ಗಿದೆ ಅಂದರೆ? 1236ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಯಹೂದಿಗಳನ್ನು ತನ್ನ ಖಜಾನೆಯ ಆಳುಗಳು ಅಂತಲೇ ಕರೆದ. ದೊರೆ ಅವರನ್ನು ಹಿಂಡಿದ, ಅವರು ರೈತನನ್ನು ಹಿಂಡಿದರು, ರೈತನಿಗೆ ಕಂಡದ್ದು ಯಹೂದಿಯ ಮುಖ ಒಂದೇ. ಅದರಡಿ ಹಳೇ ಬೇರೊಂದಿತ್ತು: ಏಸುವನ್ನು ಕೊಂದವರು ಇವರು ಅನ್ನೋ ಬೋಧನೆ. ಎಲ್ಲ ಕಾಲದ ಎಲ್ಲ ಯಹೂದಿಗಳ ಮೇಲೆ ಆ ಅಪವಾದ ಹೊರಿಸಕೂಡದು ಅಂತ ವ್ಯಾಟಿಕನ್ ಹೇಳಿದ್ದು 1965ರಲ್ಲಿ. 1215ರಲ್ಲಿ ಬಟ್ಟೆಯಲ್ಲಿ ಗುರುತು ಕಾಣಬೇಕು ಅಂದರು, 1516ರಲ್ಲಿ ವೆನಿಸ್ಸಿನಲ್ಲಿ ರಾತ್ರಿ ಬೀಗ ಹಾಕುವ ಗೆಟ್ಟೊ ಮಾಡಿದರು. ಬಾಬಾಸಾಹೇಬರು ನಮ್ಮ ಕೇರಿಗೆ ಗೆಟ್ಟೊ ಅನ್ನೋ ಮಾತನ್ನೇ ಬಳಸಿದರು. ನಾಜಿಗಳ ಯಹೂದಿ ದ್ವೇಷಕ್ಕೂ ಸನಾತನಿಗಳ ಅಸ್ಪೃಶ್ಯತೆಗೂ ಭೇದವಿಲ್ಲ ಅಂತ 1943ರಲ್ಲೇ ಬರೆದರು. ನನಗನ್ನಿಸೋ ಒಂದು ವ್ಯತ್ಯಾಸ ಇದೆ: ನಮ್ಮ ದುಡಿಮೆ ಅವರಿಗೆ ಬೇಕಿತ್ತು, ಊರಾಚೆ ಇಟ್ಟು ಉಳಿಸಿಕೊಂಡರು. ಯಹೂದಿಗಳು ಬೇಡವೇ ಆದರು.

1349ರಲ್ಲಿ ಮತ ಬಿಟ್ಟವನಿಗೆ ಜೀವ ಉಳಿಯಿತು. ಹಿಟ್ಲರನ 1935ರ ಕಾನೂನು ನೋಡಿದ್ದು ಮತವನ್ನಲ್ಲ, ಅಜ್ಜ ಅಜ್ಜಿ ಯಾರು ಅನ್ನೋದನ್ನ. ಹುಟ್ಟೇ ಅಪರಾಧ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕೊಂದದ್ದು ಸುಮಾರು 60 ಲಕ್ಷ ಜನರನ್ನು. ಅದರಲ್ಲಿ ಪೋಲೆಂಡಿನವರೇ 30 ಲಕ್ಷ. ದರ್ಜಿಗಳು, ಚಪ್ಪಲಿ ಹೊಲಿಯೋರು, ತಲೆಮೇಲೆ ಗಂಟು ಹೊತ್ತು ಮಾರೋರು, ಕೂಸುಗಳು. ದೊಡ್ಡ ಬಂಡವಾಳಗಾರರನ್ನು ಹಿಟ್ಲರ್ ಮುಟ್ಟಿದನೇ? ಐ.ಜಿ. ಫಾರ್ಬೆನ್ ಕಂಪನಿ ಆಶ್‌ವಿಟ್ಸ್ ಕೈದಿಗಳನ್ನು ದುಡಿಸಿ ಸಾಯಿಸಿ ತನ್ನ ಕಾರ್ಖಾನೆ ಕಟ್ಟಿತು. ಸಾವ್ಕಾರನ ವಿರುದ್ಧ ಹೋರಾಟವೇ ಇದು?

ಇಸ್ರೇಲ್ ಸರ್ಕಾರ ಪ್ಯಾಲೆಸ್ತೀನಿಯರ ಮೇಲೆ ನಡೆಸುವ ದೌರ್ಜನ್ಯವನ್ನು ಖಂಡಿಸೋಣ, ಗಟ್ಟಿಯಾಗೇ ಖಂಡಿಸೋಣ. ಅದು ಸರ್ಕಾರದ ಮಾತು. ಅದನ್ನು ಹಿಡಿದು ಹಳೇ ಬಾವಿಯ ಕತೆ ಹೇಳೋಕೆ ಬಂದವನನ್ನು ವೇದಿಕೆಗೆ ಹತ್ತಿಸುವುದು ಬೇಡ.

ಸ್ಟ್ರಾಸ್‌ಬರ್ಗಿನಲ್ಲಿ ಆಮೇಲೂ ಶತಮಾನಗಟ್ಟಲೆ ಯಹೂದಿಗಳು ಹಗಲು ವ್ಯಾಪಾರಕ್ಕೆ ಬಂದು ರಾತ್ರಿಯೊಳಗೆ ಊರು ಬಿಡಬೇಕಿತ್ತು. ಹೊರಡಿ ಅಂತ ದೊಡ್ಡ ಚರ್ಚಿನ ಮೇಲಿಂದ ಕೊಂಬು ಊದುತ್ತಿದ್ದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1791ರಲ್ಲಿ ಅದು ನಿಂತಿತು.

ನಮ್ಮ ತಮ್ಮ ಫುಟ್‌ಪಾತಿನಲ್ಲಿ ಕೊಂಡ ಹಿಟ್ಲರನ ಪುಸ್ತಕವನ್ನು ಮುಂದಿನ ಸಭೆಗೆ ತರ್ತೀನಿ ಅಂದಿದ್ದಾನೆ. ತರಲಿ. ಕೂತು ಓದಿ ಮಾತಾಡೋಣ, ನೀವೂ ಬನ್ನಿ.