ಗೃಹಸ್ಥರ ಗಮನಕ್ಕೆ: ಮದುವೆಯ ಡಿಸ್ಕುಗಳ ನಕಲು

ಬಾಗಲೂರು, ಯಲಹಂಕ ಮೊದಲಾದ ನಮ್ಮ ಸುತ್ತಿನ ಊರುಗಳಲ್ಲಿ ಇಪ್ಪತ್ತು ವರ್ಷಗಳ ಹಿಂದೆ ನಡೆದ ಮದುವೆ, ಉಪನಯನ, ಗೃಹಪ್ರವೇಶಗಳ ಚಲಚ್ಚಿತ್ರಗಳು ಬಹುಮಟ್ಟಿಗೆ ಸಿ.ಡಿ. ಇಲ್ಲವೆ ಡಿ.ವಿ.ಡಿ.ಗಳ ರೂಪದಲ್ಲಿ ಬೀರುಗಳೊಳಗೆ ಕುಳಿತಿರುವುವು. ಅವನ್ನು ತೋರಿಸುವ ಯಂತ್ರವು ಅನೇಕ ಮನೆಗಳಿಂದ ನಿರ್ಗಮಿಸಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನಿಡುವ ತಟ್ಟೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅಗ್ಗದ ಡಿಸ್ಕುಗಳನ್ನು ದೇಶಕ್ಕೆಲ್ಲ ಒದಗಿಸುತ್ತಿದ್ದ ಮೋಸರ್ ಬೇರ್ ಸಂಸ್ಥೆಯು 2018ರಲ್ಲಿ ಸಮಾಪನದ ಆಜ್ಞೆಗೆ ಗುರಿಯಾಯಿತು. ಅಲ್ಲದೆ, ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನಲ್ಲಿ ಚಿತ್ರವನ್ನು ಧರಿಸಿರುವುದು ತೆಳ್ಳನೆಯ ಒಂದು ಬಣ್ಣದ ಲೇಪ ಮಾತ್ರ. ಬಿಸಿಲಿಗೂ ಶಾಖಕ್ಕೂ ತೇವಕ್ಕೂ ಅದು ಕೆಡತಕ್ಕದ್ದು. ಗತಿಸಿದ ಅಜ್ಜಿಯ ಧ್ವನಿಯು ಅಂತಹ ಒಂದು ಡಿಸ್ಕಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯದ ಮನೆಗಳು ಎಷ್ಟಿಲ್ಲ! ಆದಕಾರಣ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.

ಕಂಪ್ಯೂಟರು ಹಳೆಯದಾದುದರಿಂದ ಹಗುರವಾದ ತಂತ್ರಾಂಶವಾವುದೆಂಬ ಪ್ರಶ್ನೆ ಸಹಜವಾದುದು. ವ್ಯಾಕರಣವನ್ನು ಓದಿದವರಿಗೆ ಲಾಘವದಲ್ಲಿ ಪಕ್ಷಪಾತವಿರುವುದು ಸ್ವಾಭಾವಿಕ. ಅದರಂತೆ ನಮ್ಮ ಮೊದಲನೆಯ ಸಲಹೆಯೇನೆಂದರೆ, ಅನೇಕ ವೇಳೆ ಯಾವ ತಂತ್ರಾಂಶವೂ ಬೇಕಿಲ್ಲ. ಮನೆಯ ಡಿ.ವಿ.ಡಿ.ಗೆ ಸಾಧಾರಣವಾಗಿ ಬೀಗವಿರುವುದಿಲ್ಲ. ಯು.ಎಸ್.ಬಿ. ಮೂಲಕ ಜೋಡಿಸುವ ಡಿ.ವಿ.ಡಿ. ಡ್ರೈವೊಂದನ್ನು ತಂದು, ಡಿಸ್ಕಿನೊಳಗಿರುವ 'ವಿಡಿಯೋ ಟಿ.ಎಸ್.' ಎಂಬ ಫೋಲ್ಡರನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿಕೊಂಡರೆ ಸಾಕು. ಅಲ್ಲಿ ಚಿತ್ರವು ಒಂದೊಂದು ಜಿ.ಬಿ.ಗೆ ಮೀರದ ತುಂಡುಗಳಾಗಿರುತ್ತದೆ. ಮೊದಲನೆಯ ತುಂಡನ್ನು ಮಾತ್ರ ಇಳಿಸಿಕೊಂಡವರಿಗೆ ಮುಹೂರ್ತವು ದೊರೆತು ಆರತಕ್ಷತೆಯು ತಪ್ಪಿಹೋದೀತು! ತುಂಬಿದ ಡಿಸ್ಕೊಂದಕ್ಕೆ 4.7 ಜಿ.ಬಿ. ಸ್ಥಳ ಬೇಕು.

ಇಳಿಸಿದುದನ್ನು ನೋಡಲು ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವು ಯೋಗ್ಯವಾದುದು. ಹಳೆಯ ಸಿ.ಡಿ.ಗಳಲ್ಲಿರುವ 'ಡ್ಯಾಟ್' ಕಡತಗಳನ್ನೂ ಅದು ತೋರಿಸಬಲ್ಲುದು. ಆ ಸಿ.ಡಿ.ಗಳ ಚಿತ್ರದ ಅಳತೆ 352ಕ್ಕೆ 288 ಚುಕ್ಕೆಗಳು, ಎಂದರೆ ಡಿ.ವಿ.ಡಿ.ಯ ಸುಮಾರು ಕಾಲುಭಾಗ. ದೊಡ್ಡದು ಮಾಡಿದಮಾತ್ರಕ್ಕೆ ಇಲ್ಲದ ಸ್ಪಷ್ಟತೆ ಬಾರದು.

ತುಂಡುಗಳನ್ನು ಕೂಡಿಸಿ ಒಂದೇ ಕಡತವಾಗಿಸಬೇಕೆಂಬವರಿಗೆ ಮೇಕ್‌ಎಂಕೆವಿ ಎಂಬುದಿದೆ. ಇದು ಡಿ.ವಿ.ಡಿ.ಯ ಚಿತ್ರವನ್ನು ಪುನಃ ಸಂಸ್ಕರಿಸದೆ ಬರಿಯ ಪಾತ್ರೆಯನ್ನು ಬದಲಾಯಿಸುವುದರಿಂದ ಹಳೆಯ ಯಂತ್ರಕ್ಕೂ ಭಾರವಾಗದು. ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ತಂತ್ರಾಂಶವು ಚಿತ್ರವನ್ನೆಲ್ಲ ಹೊಸದಾಗಿ ಸಂಸ್ಕರಿಸಿ ಗಾತ್ರವನ್ನು ಕುಗ್ಗಿಸುತ್ತದೆ. ಮೊಮ್ಮಕ್ಕಳ ಮೊಬೈಲಿಗೆ ಕಳುಹಿಸಲು ಇದು ಅನುಕೂಲವೇ ಸರಿ. ಆದರೆ ಹಳೆಯ ಕಂಪ್ಯೂಟರಿಗೆ ಒಂದು ಮದುವೆಯ ಚಿತ್ರವು ರಾತ್ರಿಯಿಡೀ ಕೆಲಸವಾದೀತು, ಗುಣವೂ ಕಿಂಚಿತ್ ಕುಂದುವುದು. ಮೂಲದಂತಿರುವ ಪ್ರತಿಯೊಂದನ್ನು ಮೊದಲು ಮಾಡಿಟ್ಟುಕೊಳ್ಳದೆ ಇದಕ್ಕೆ ಕೈಹಾಕುವುದನ್ನು ನಾವು ಒಪ್ಪುವುದಿಲ್ಲ.

ನಕಲಿಗೆ ಸ್ಟುಡಿಯೋದವರ ಅಪ್ಪಣೆ ಬೇಕೆಂದು ಅಂಜುವವರೂ ಉಂಟು. 1957ರ ಕೃತಿಸ್ವಾಮ್ಯ ಶಾಸನದ 17ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಚಿತ್ರ ತೆಗೆಸಿದವರೇ ಅದರ ಮೊದಲನೆಯ ಒಡೆಯರು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕಿನ ಮಾತು ಬೇರೆ. ಅದರ ಬೀಗವನ್ನು ಮುರಿಯುವುದರ ವಿಷಯವಾಗಿ 2012ರ ತಿದ್ದುಪಡಿಯು 65-ಎ ಪ್ರಕರಣವನ್ನು ಸೇರಿಸಿದೆ. ಈ ಲೇಖನವು ಅದಕ್ಕೆ ಸಂಬಂಧಿಸಿದುದಲ್ಲ.

ಡಿಸ್ಕು ಓದಲು ತಡವರಿಸಿದರೆ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವರ್ತುಲಾಕಾರವಾಗಿ ಉಜ್ಜಬಾರದು. ಬರವಣಿಗೆಯು ನಡುವಿನಿಂದ ಆರಂಭವಾಗಿ ಹೊರಕ್ಕೆ ಸಾಗುವುದರಿಂದ, ತುಂಬಿದ ಡಿಸ್ಕಿನಲ್ಲಿ ಚಿತ್ರದ ಕೊನೆಯ ಭಾಗವು ಬೆರಳು ತಗಲುವ ಅಂಚಿನಲ್ಲಿಯೇ ಇರುತ್ತದೆ. ಆದ್ದರಿಂದ ನಕಲನ್ನು ಪರೀಕ್ಷಿಸುವಾಗ ಮಂಗಳವಾದ್ಯದ ಆರಂಭವನ್ನು ಕೇಳಿ ತೃಪ್ತರಾಗದೆ, ಹೆಣ್ಣನ್ನು ಕಳುಹಿಸಿಕೊಡುವ ಕೊನೆಯ ದೃಶ್ಯದವರೆಗೂ ನೋಡತಕ್ಕದ್ದು. ಅನಂತರ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿಯೂ, ಇನ್ನೊಂದನ್ನು ಬೇರೊಂದು ಹಾರ್ಡ್‌ಡಿಸ್ಕಿನಲ್ಲಿ, ಸಾಧ್ಯವಾದರೆ ಮಗಳ ಮನೆಯಲ್ಲಿಯೂ ಇರಿಸಬಹುದು.