ಸಮವಸ್ತ್ರದ ಹೊರೆ ಮತ್ತು ಸಹಕಾರ ಸಂಘದ ಹೊಣೆ



ಜೂನ್ ತಿಂಗಳೆಂದರೆ ಮಲೆನಾಡಿನ ಕುಟುಂಬಗಳಿಗೆ ಕೈ ಬರಿದಾಗುವ ತಿಂಗಳು. ಅಡಿಕೆ ಮಾರಿ ಬಂದ ಹಣ ಹಳೆಯ ಸಾಲಕ್ಕೂ ಮದುವೆ ಮುಂಜಿಗಳಿಗೂ ಸಂದಿರುತ್ತದೆ. ಕಾಫಿಯಿಂದ ಬಂದದ್ದು ಕಪಾತು, ಗೊಬ್ಬರ, ಮರಗಸಿಗಳಲ್ಲಿ ಕರಗಿರುತ್ತದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ, ಸುಣ್ಣ, ಕೊನೆಗಾರರ ಕೂಲಿ ಎಲ್ಲಕ್ಕೂ ನಗದು ಬೇಕು. ಸರಿಯಾಗಿ ಇದೇ ಹದಿನೈದು ದಿನಗಳಲ್ಲಿ ಶಾಲೆಗಳೂ ಬಾಗಿಲು ತೆರೆಯುತ್ತವೆ. ಶುಲ್ಕ, ಪುಸ್ತಕ, ವ್ಯಾನಿನ ಬಾಡಿಗೆ ಇವುಗಳನ್ನು ಹೇಗೋ ಮೊದಲೇ ಅಂದಾಜು ಮಾಡಿಕೊಂಡಿರುತ್ತೇವೆ. ಅಂದಾಜಿಗೆ ಸಿಗದೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಖರ್ಚು ಸಮವಸ್ತ್ರದ್ದು.

ಧಾರಣೆ, ರೋಗ, ಗೊಬ್ಬರಗಳ ವಿಚಾರ ಬರೆಯಬೇಕಾದ ಈ ಪುಟದಲ್ಲಿ ಮಕ್ಕಳ ಬಟ್ಟೆಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಉತ್ತರ ಸಂಘದ ಕೌಂಟರಿನಲ್ಲಿಯೇ ಇದೆ. ಮೇ ತಿಂಗಳ ಕೊನೆಯ ವಾರದಿಂದ ಮುಂಗಡ ಕೇಳಿಕೊಂಡು ಬರುವ ಸಣ್ಣ ಹಿಡುವಳಿದಾರರ ಅರ್ಜಿಗಳಲ್ಲಿ ಕಾರಣವನ್ನು ‘ತೋಟದ ನಿರ್ವಹಣೆಗೆ’ ಎಂದು ಬರೆದಿರುತ್ತದೆ. ಮಾತನಾಡಿಸಿದರೆ ಅರ್ಧ ಹಣ ಶಾಲೆಗೆ ಹೋಗುವುದೆಂದು ತಿಳಿಯುತ್ತದೆ. ಲೈನ್ ಮನೆಗಳ ಕಾರ್ಮಿಕರು ಜೂನ್ ಮೊದಲ ಬಟವಾಡೆಗೆ ಮುನ್ನವೇ ಮುಂಗಡ ಕೇಳುವುದೂ ಇದಕ್ಕಾಗಿಯೇ. ಸಾಲದ ಪುಸ್ತಕಕ್ಕೆ ಬಂದು ಸೇರುವ ಯಾವ ವಿಚಾರವೂ ಸಹಕಾರಿಗಳಿಗೆ ಹೊರಗಿನದಾಗಲಾರದು.

ಮೊದಲು ಸಮವಸ್ತ್ರ ಎಂದರೆ ಏನಿತ್ತೆಂಬುದನ್ನು ನಮ್ಮ ವಯಸ್ಸಿನವರು ಬಲ್ಲರು. ಗಂಡು ಮಕ್ಕಳಿಗೆ ಖಾಕಿ ಚಡ್ಡಿ, ಬಿಳಿ ಅಂಗಿ. ಹೆಣ್ಣು ಮಕ್ಕಳಿಗೆ ನೀಲಿ ಲಂಗ, ಬಿಳಿ ರವಿಕೆ. ಬಟ್ಟೆಯನ್ನು ತಾನಿನಿಂದ ಹರಿಸಿ ತಂದು ಊರಿನ ದರ್ಜಿಗೆ ಕೊಟ್ಟರೆ ಆತ ಕೆಳ ಅಂಚಿನಲ್ಲಿ ಎರಡು ಮೂರು ಅಂಗುಲ ಒಳಮಡಿಕೆ ಬಿಟ್ಟು ಹೊಲಿಯುತ್ತಿದ್ದ. ಮರುವರ್ಷ ಮಡಿಕೆ ಬಿಚ್ಚಿದರೆ ಅದೇ ಚಡ್ಡಿ ಇನ್ನೊಂದು ವರ್ಷಕ್ಕಾಯಿತು, ಆಮೇಲೆ ತಮ್ಮನಿಗಾಯಿತು. ಅಣ್ಣನ ಅಂಗಿ ತೊಟ್ಟವನನ್ನು ಯಾರೂ ಬಡವನೆನ್ನುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಅದೇ ಪದ್ಧತಿಯಾಗಿತ್ತು.

ಇಂದು ಪೇಟೆಯ ಖಾಸಗಿ ಶಾಲೆಯೊಂದು ಕೊಡುವ ಪಟ್ಟಿಯನ್ನು ನೋಡೋಣ. ದಿನನಿತ್ಯದ್ದು ಎರಡು ಜೊತೆ. ವಾರದಲ್ಲಿ ಒಂದು ಅಥವಾ ಎರಡು ದಿನಕ್ಕೆ ಬಿಳಿಯದು ಒಂದು ಜೊತೆ. ಆಟದ ದಿನಕ್ಕೆ ತಂಡದ ಬಣ್ಣದ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು. ಕಪ್ಪು ಬೂಟು, ಬಿಳಿ ಕ್ಯಾನ್ವಾಸ್ ಬೂಟು, ಎರಡು ಬಗೆಯ ಕಾಲುಚೀಲ. ಟೈ, ಬೆಲ್ಟು, ಸ್ವೆಟರು. ಇವುಗಳಲ್ಲಿ ಹೆಚ್ಚಿನವುಗಳ ಮೇಲೆ ಶಾಲೆಯ ಲಾಂಛನವಿರಬೇಕು. ಲಾಂಛನವಿರುವ ಬಟ್ಟೆ ಒಂದೇ ಅಂಗಡಿಯಲ್ಲಿ, ಅಥವಾ ಶಾಲೆಯ ಆವರಣದಲ್ಲಿಯೇ ದೊರೆಯುತ್ತದೆ. ಒಬ್ಬನೇ ಮಾರುವವನಿದ್ದಾಗ ಧಾರಣೆ ಯಾರ ಕೈಯಲ್ಲಿರುತ್ತದೆಂಬುದನ್ನು ಅಡಿಕೆ ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿದ್ಧ ಉಡುಪಿನ ಹೊಲಿಗೆಯೊಳಗೆ ಬಿಚ್ಚಿ ಉದ್ದ ಮಾಡುವಷ್ಟು ಬಟ್ಟೆಯನ್ನೂ ಬಿಟ್ಟಿರುವುದಿಲ್ಲ. ಮಗು ಬೆಳೆದಷ್ಟೂ ಹೊಸದನ್ನೇ ಕೊಳ್ಳಬೇಕು.

ಇದರ ಮೇಲೆ ನಮ್ಮ ಮಳೆ. ಬಯಲುಸೀಮೆಯಲ್ಲಿ ಎರಡು ಜೊತೆಯಲ್ಲಿ ವರ್ಷ ಕಳೆಯಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ, ಅಥವಾ ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಮಡಿಕೇರಿಗಳ ಕಡೆ, ಜುಲೈ ತಿಂಗಳಲ್ಲಿ ಒಗೆದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆಯ ವಾಸನೆ, ಹಾಕದಿದ್ದರೆ ಬೂಷ್ಟು. ಬಿಳಿ ಬಟ್ಟೆಗೆ ಹತ್ತಿದ ಬೂಷ್ಟಿನ ಕಪ್ಪು ಚುಕ್ಕೆ ಯಾವ ಸಾಬೂನಿಗೂ ಹೋಗುವುದಿಲ್ಲ. ಕೆಂಪು ಮಣ್ಣಿನ ದಾರಿಯಲ್ಲಿ ಎರಡು ಮೈಲಿ ನಡೆದು ಬರುವ ಮಗುವಿಗೆ ಬಿಳಿ ಕ್ಯಾನ್ವಾಸ್ ಬೂಟು ಕಡ್ಡಾಯವೆಂದು ಬರೆದವರು ಮಲೆನಾಡಿನ ಜೂನ್ ತಿಂಗಳನ್ನು ಕಿಟಕಿಯಿಂದ ಮಾತ್ರ ನೋಡಿರಬೇಕು. ಆಗಸ್ಟ್ ಹೊತ್ತಿಗೆ ಬೂಟಿನ ಅಟ್ಟೆ ಬಾಯ್ಬಿಡುತ್ತದೆ, ದಸರಾ ರಜೆ ಮುಗಿಯುವುದರೊಳಗೆ ಎರಡನೆಯ ಖರೀದಿಯಾಗುತ್ತದೆ.

ತೆರಿಗೆ ಇಳಿದಿದೆಯಲ್ಲ ಎನ್ನುವವರಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ರೂ. 2,500ರವರೆಗಿನ ಉಡುಪು ಮತ್ತು ಪಾದರಕ್ಷೆಗಳಿಗೆ ಸರಕು ಸೇವಾ ತೆರಿಗೆ ಶೇಕಡಾ 5 ಆಗಿರುವುದು ನಿಜ. ಆದರೆ ರೂ. 1,000ದವರೆಗಿನ ಉಡುಪಿಗೆ ಮೊದಲೂ ಶೇಕಡಾ 5ರ ತೆರಿಗೆಯೇ ಇತ್ತು. ಮಕ್ಕಳ ಅಂಗಿ, ಚಡ್ಡಿ, ಲಂಗಗಳು ಬಿಡಿಬಿಡಿಯಾಗಿ ಹೆಚ್ಚಾಗಿ ಈ ಮಿತಿಯೊಳಗೇ ಬರುವುದರಿಂದ ಅವುಗಳಲ್ಲಿ ಉಳಿತಾಯವೇನೂ ಆಗಲಿಲ್ಲ. ಲಾಭವಾದದ್ದು ಬೂಟಿನಲ್ಲಿ. ತೆರಿಗೆಗೆ ಮುನ್ನ ರೂ. 800 ಬೆಲೆಯ ಬೂಟಿಗೆ ಶೇಕಡಾ 12ರಂತೆ ರೂ. 96 ಇದ್ದದ್ದು ರೂ. 40ಕ್ಕೆ ಇಳಿಯಿತು. ರೂ. 56ರ ಉಳಿತಾಯ ಬೇಡವೆನ್ನುವುದಿಲ್ಲ. ಆದರೆ ಹೊರೆ ಇರುವುದು ತೆರಿಗೆಯಲ್ಲಿ ಅಲ್ಲ, ಪಟ್ಟಿಯ ಉದ್ದದಲ್ಲಿ ಮತ್ತು ಮಾರುವವನೊಬ್ಬನೇ ಆಗಿರುವುದರಲ್ಲಿ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರ ಬರುತ್ತದೆ. ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ 2018ರಲ್ಲಿ ಗೊತ್ತುಪಡಿಸಿದ ಮಾನದಂಡ ಒಂದು ಮಗುವಿನ ಎರಡು ಜೊತೆಗೆ ವರ್ಷಕ್ಕೆ ರೂ. 600. ಜೊತೆಯೊಂದಕ್ಕೆ ರೂ. 300ರಲ್ಲಿ ಬಟ್ಟೆ, ಗುಂಡಿ, ದಾರ, ಹೊಲಿಗೆಯ ಕೂಲಿ ಎಲ್ಲವೂ ಆಗಬೇಕು. ನಮ್ಮ ಊರಿನ ಯಾವ ದರ್ಜಿಯನ್ನು ಕೇಳಿದರೂ ಈ ಲೆಕ್ಕಕ್ಕೆ ನಗುತ್ತಾನೆ. ಬಟ್ಟೆ ಬಂದರೂ ಹೊಲಿಸುವ ಖರ್ಚು ತಂದೆತಾಯಿಗಳ ಮೇಲೆ ಬೀಳುತ್ತದೆ, ಸ್ವೆಟರು ಮತ್ತು ಕೊಡೆಯ ಮಾತಂತೂ ಇಲ್ಲ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೊಯ್ಲಿಗೆ ಬಂದ ಕಾರ್ಮಿಕರು ಮಕ್ಕಳನ್ನು ನಡುವರ್ಷದಲ್ಲಿ ಶಾಲೆಗೆ ಸೇರಿಸಿದರೆ, ಹಂಚಿಕೆ ಮುಗಿದುಹೋದ ಮೇಲೆ ಬಂದ ಆ ಮಗುವಿಗೆ ಏನು ಕೊಡುವುದೆಂದು ಮುಖ್ಯೋಪಾಧ್ಯಾಯರೇ ಪರದಾಡುತ್ತಾರೆ.

ಹಾಗಾದರೆ ಖಾಸಗಿ ಶಾಲೆಗೆ ಕಳಿಸುವವರು ಸ್ವಂತ ಇಚ್ಛೆಯಿಂದ ಕಳಿಸುತ್ತಾರೆ, ಖರ್ಚನ್ನೂ ಅನುಭವಿಸಲಿ ಎಂಬ ವಾದವಿದೆ. ಇದನ್ನು ಪೂರ್ಣ ಒಪ್ಪಲಾಗದು. ಮಕ್ಕಳ ಸಂಖ್ಯೆ ಕಡಿಮೆಯೆಂದು ಮಲೆನಾಡಿನ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳು ಮುಚ್ಚಿವೆ. ಊರಿನ ಶಾಲೆ ಮುಚ್ಚಿದ ಮೇಲೆ ಮನೆಯ ಬಾಗಿಲಿಗೆ ಬರುವ ವ್ಯಾನು ಯಾವ ಶಾಲೆಯದೋ ಮಗು ಆ ಶಾಲೆಗೆ ಹೋಗುತ್ತದೆ. ಇದನ್ನು ಇಚ್ಛೆ ಎನ್ನುವುದಕ್ಕಿಂತ ದಾರಿ ಇಲ್ಲದ್ದು ಎನ್ನುವುದೇ ಸರಿ. ಕಾಫಿಗೆ ಒಳ್ಳೆಯ ಬೆಲೆ ಬಂದಿರುವಾಗ ಈ ಚೌಕಾಸಿ ಯಾಕೆ ಎನ್ನುವವರು 2001–02ರ ಬೆಲೆ ಕುಸಿತವನ್ನು ನೆನಪಿಸಿಕೊಳ್ಳಬೇಕು. ಎಲೆಚುಕ್ಕಿ ರೋಗದಿಂದ ತೋಟ ಬೋಳಾದ ಒಂದು ಎರಡು ಎಕರೆಯ ಅಡಿಕೆ ಬೆಳೆಗಾರರ ಮನೆಯನ್ನೂ ಒಮ್ಮೆ ಹೊಕ್ಕು ನೋಡಬೇಕು.

ಸಮವಸ್ತ್ರವನ್ನೇ ತೆಗೆದುಹಾಕಿ ಎನ್ನುವ ಪಕ್ಷ ನನ್ನದಲ್ಲ. ತೋಟದ ಯಜಮಾನನ ಮಗ, ಲೈನ್ ಮನೆಯವನ ಮಗ ಒಂದೇ ಬೆಂಚಿನಲ್ಲಿ ಕುಳಿತಾಗ ಅಂಗಿಯಿಂದ ಅವರನ್ನು ಗುರುತಿಸಬಾರದೆಂಬುದೇ ಸಮವಸ್ತ್ರದ ಅರ್ಥ. ಅದೇ ಅಂಗಿ ಕೊಳ್ಳಲಾಗದೆ ಒಂದು ಮಗು ಜೂನ್ ಮೊದಲ ಎರಡು ವಾರ ಮನೆಯಲ್ಲಿ ಉಳಿಯುವುದಾದರೆ, ಅಥವಾ ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲುವುದಾದರೆ, ಸಮವಸ್ತ್ರ ತನ್ನ ಉದ್ದೇಶಕ್ಕೆ ತಾನೇ ವಿರುದ್ಧವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸಿದೆ. ಬಟ್ಟೆಗಾಗಿ ಮಗುವನ್ನು ಎಲ್ಲರೆದುರು ನಿಲ್ಲಿಸುವುದು ಅದಲ್ಲದೆ ಇನ್ನೇನು?

ಈಗ ಸದಸ್ಯರಲ್ಲಿ ಬಹುಮಂದಿಗೆ ತಿಳಿಯದಿರುವ ಒಂದು ವಿಷಯ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ರಚಿಸಿದ ನಿಯಮಗಳಲ್ಲಿ 11ನೆಯ ನಿಯಮ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ರಾಜ್ಯ ಪಠ್ಯಕ್ರಮದ ಮಾನ್ಯತೆ ಪಡೆದ ಶಾಲೆಗಳು ಇದಕ್ಕೆ ಬದ್ಧವಾಗಿರಬೇಕು. ಅದರ ಸಾರಾಂಶ ಹೀಗಿದೆ: ಶಾಲೆ ತನ್ನ ಸಮವಸ್ತ್ರವನ್ನು ಗೊತ್ತುಪಡಿಸಬಹುದು, ಒಮ್ಮೆ ಗೊತ್ತುಪಡಿಸಿದ್ದನ್ನು ಮುಂದಿನ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಕನಿಷ್ಠ ಒಂದು ವರ್ಷ ಮೊದಲು ಪೋಷಕರಿಗೆ ನೋಟೀಸು ಕೊಡಬೇಕು, ಶಾಲೆಯಿಂದ ಅಥವಾ ಶಾಲೆ ಹೇಳಿದ ಅಂಗಡಿಯಿಂದ ಕೊಳ್ಳುವುದು ಪೋಷಕರ ಇಚ್ಛೆಗೆ ಬಿಟ್ಟದ್ದು, ಬಟ್ಟೆ ತಂದು ತಮಗೆ ಬೇಕಾದಲ್ಲಿ ಹೊಲಿಸಿಕೊಳ್ಳುವುದೂ ಪೋಷಕರ ಇಚ್ಛೆಗೇ ಬಿಟ್ಟದ್ದು. ಇದು ಮೂವತ್ತು ವರ್ಷಗಳಿಂದ ಇರುವ ನಿಯಮ. ಆದರೂ ನಮ್ಮ ಭಾಗದ ಒಂದು ಶಾಲೆ, ಹೆಸರು ಇಲ್ಲಿ ಬೇಡ, ಎರಡೇ ವರ್ಷದಲ್ಲಿ ಅಂಗಿಯ ಚೌಕಳಿ ಬದಲಿಸಿತು. ಪೋಷಕರು ಗೊಣಗಿಕೊಂಡು ಹೊಸದನ್ನು ಕೊಂಡರು. ಒಬ್ಬೊಬ್ಬರೇ ಹೋಗಿ ಕೇಳಿದರೆ ನಾಳೆ ಮಗುವಿನ ಮೇಲೆ ಕೋಪ ತೀರಿಸಿಯಾರು ಎಂಬ ಅಂಜಿಕೆ ಅವರದು. ಆ ಅಂಜಿಕೆ ಅಸಹಜವಲ್ಲ. ಒಬ್ಬೊಬ್ಬರೇ ಮಂಡಿ ವರ್ತಕರ ಮುಂದೆ ನಿಂತಿದ್ದ ಬೆಳೆಗಾರನಿಗೂ ಅದೇ ಅಂಜಿಕೆಯಿತ್ತು. 1939ರಲ್ಲಿ ಮ್ಯಾಮ್ಕೋಸ್, 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಅದನ್ನು ನೀಗಿಸಲೆಂದೇ.

ಕಾಫಿ ಅಡಿಕೆಯ ಸಂಘ ಬಟ್ಟೆ ಮಾರಬಹುದೇ ಎಂಬ ಪ್ರಶ್ನೆ ಏಳುತ್ತದೆ. 1970ರ ದಶಕದಲ್ಲಿ ನಿಯಂತ್ರಿತ ಬೆಲೆಯ ಬಟ್ಟೆಯನ್ನೂ, 1976ರ ನಂತರ ಜನತಾ ಬಟ್ಟೆಯನ್ನೂ ಹಳ್ಳಿಗಳಿಗೆ ಮುಟ್ಟಿಸಿದ್ದರಲ್ಲಿ ಸಹಕಾರ ಸಂಘಗಳ ಪಾಲಿದೆ. ಮೈಲುತುತ್ತಕ್ಕೆ ಜೂನ್ ತಿಂಗಳಲ್ಲಿ ಚಿಲ್ಲರೆ ಅಂಗಡಿಗೆ ಓಡುವ ಬದಲು ಮೊದಲೇ ಬೇಡಿಕೆ ಪಟ್ಟಿ ಮಾಡಿ ಸಗಟಾಗಿ ತರಿಸುವ ಕ್ರಮ ನಮ್ಮಲ್ಲಿ ರೂಢಿಯಾಗಿದೆ. ಬಟ್ಟೆಗೂ ಅದೇ ಕ್ರಮ ಸಾಕು. ಆಡಳಿತ ಮಂಡಳಿಯ ಮತ್ತು ಸದಸ್ಯರ ವಿಚಾರಕ್ಕೆ ಈ ಕೆಳಗಿನ ಸಲಹೆಗಳನ್ನು ಇಡುತ್ತಿದ್ದೇನೆ:

1. ಪ್ರತಿ ಫೆಬ್ರವರಿಯಲ್ಲಿ, ಸದಸ್ಯರ ಮತ್ತು ಅವರ ತೋಟದ ಕಾರ್ಮಿಕರ ಮಕ್ಕಳು ಯಾವ ಶಾಲೆ, ಯಾವ ತರಗತಿ ಎಂಬ ಪಟ್ಟಿಯನ್ನು ಸಂಘ ತಯಾರಿಸುವುದು. ಅದರ ಮೇಲೆ ಬಟ್ಟೆಯನ್ನು ತಾನುಗಟ್ಟಲೆ ಗಿರಣಿಯಿಂದ ಅಥವಾ ಸಗಟು ವರ್ತಕರಿಂದ ತರಿಸಿ, ಸಾಗಣೆ ಖರ್ಚು ಮಾತ್ರ ಸೇರಿಸಿ ಕೊಡುವುದು.

2. ಹೊಲಿಗೆಯನ್ನು ನಮ್ಮ ಊರುಗಳ ದರ್ಜಿಗಳಿಗೆ ಮತ್ತು ಸ್ತ್ರೀಶಕ್ತಿ ಗುಂಪುಗಳಿಗೆ ಏಪ್ರಿಲ್ ತಿಂಗಳಲ್ಲಿಯೇ ವಹಿಸುವುದು. ಮೂರು ಅಂಗುಲ ಒಳಮಡಿಕೆ ಕಡ್ಡಾಯವಾಗಿರಲಿ.

3. ಲಾಂಛನವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸದೆ, ಬೇರೆ ತುಂಡಿನಲ್ಲಿ ಮಾಡಿಸಿ ಜೇಬಿಗೆ ಹೊಲಿಯಲು ಒಪ್ಪಬೇಕೆಂದು ಶಾಲೆಗಳನ್ನು ಕೇಳುವುದು. ಈ ಒಂದು ಬದಲಾವಣೆಯಿಂದಲೇ ಯಾವ ಅಂಗಡಿಯ ಬಿಳಿ ಅಂಗಿಯಾದರೂ ಶಾಲೆಯ ಅಂಗಿಯಾಗುತ್ತದೆ.

4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿ ಉಡುಪನ್ನೂ ಕ್ಯಾನ್ವಾಸ್ ಬೂಟನ್ನೂ ಬಿಟ್ಟು, ನೀರು ಹೋಗುವ ಚಪ್ಪಲಿಗೆ ಅವಕಾಶ ಕೊಡಬೇಕೆಂದು ಶಾಲೆಗಳಿಗೆ ಸಂಘದ ಹೆಸರಿನಲ್ಲಿ ಮನವಿ ಕೊಡುವುದು. 11ನೆಯ ನಿಯಮದ ಪ್ರತಿಯನ್ನು ಮನವಿಯ ಜೊತೆಗಿಡುವುದು. ಒಬ್ಬ ಪೋಷಕನ ಹೆಸರೂ ಅದರಲ್ಲಿ ಇರಬೇಕಾಗಿಲ್ಲ.

5. ಮಕ್ಕಳಿಗೆ ಗಿಡ್ಡವಾದ, ಆದರೆ ಗಟ್ಟಿಯಾಗಿರುವ ಉಡುಪನ್ನು ಮೇ ತಿಂಗಳಲ್ಲಿ ಸಂಘದ ಗೋದಾಮಿನಲ್ಲಿ ವಿನಿಮಯ ಮಾಡಿಕೊಳ್ಳುವ ಏರ್ಪಾಟು. ಅನುಕೂಲಸ್ಥರೇ ಮೊದಲು ಬಂದು ತೆಗೆದುಕೊಂಡರೆ ಉಳಿದವರ ಸಂಕೋಚ ತಾನಾಗಿ ಹೋಗುತ್ತದೆ.

6. ಸಣ್ಣ ಹಿಡುವಳಿದಾರರಿಗೆ ಬಟ್ಟೆಯ ಹಣವನ್ನು ಮುಂದಿನ ಅಡಿಕೆ ವಿಕ್ರಿಯಲ್ಲಿ ಬಡ್ಡಿಯಿಲ್ಲದೆ ಮುರಿದುಕೊಳ್ಳುವುದು. ಕಾರ್ಮಿಕರ ಮಕ್ಕಳ ಒಂದು ಜೊತೆಯ ಖರ್ಚನ್ನು ತೋಟದವರೇ ವಹಿಸಿಕೊಳ್ಳುವುದು.

ಆರನೆಯ ಸಲಹೆಯ ಎರಡನೆಯ ಭಾಗಕ್ಕೆ ವಿರೋಧ ಬರುವುದೆಂದು ನಾನು ಬಲ್ಲೆ. ಕೂಲಿ ಏರಿದೆ, ಆಳು ಸಿಗುವುದಿಲ್ಲ, ಸಿಕ್ಕವರೂ ನಿಲ್ಲುವುದಿಲ್ಲ ಎಂಬುದು ನಮ್ಮೆಲ್ಲರ ದೂರು. ಆದರೆ ಕಾರ್ಮಿಕ ಕುಟುಂಬ ಒಂದು ತೋಟದಲ್ಲಿ ನೆಲೆ ನಿಲ್ಲುವುದಕ್ಕೆ ಮಕ್ಕಳ ಶಾಲೆ ದೊಡ್ಡ ಕಾರಣ. 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಮಾಡಿದವರೂ ಮಕ್ಕಳ ಶಿಕ್ಷಣದ ಸೌಲಭ್ಯವನ್ನು ಅದರಲ್ಲಿ ಸೇರಿಸಿದ್ದರು. ಒಂದು ಜೊತೆ ಅಂಗಿ ಚಡ್ಡಿಗೆ ತಗಲುವ ಹಣ ಕೊಯ್ಲಿನ ಕಾಲದಲ್ಲಿ ಒಂದೆರಡು ದಿನ ಆಳಿಲ್ಲದೆ ಹಣ್ಣು ಉದುರಿ ಆಗುವ ನಷ್ಟಕ್ಕಿಂತ ಹೆಚ್ಚಿರಲಾರದು. ಲೆಕ್ಕವನ್ನು ಬದಿಗಿಟ್ಟು ನೋಡಿದರೂ, ನಮ್ಮ ಮಕ್ಕಳ ಪಕ್ಕದಲ್ಲಿ ಕೂರುವ ಮಕ್ಕಳು ಅವರು.

ಈ ಸಲಹೆಗಳನ್ನು ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಬಟ್ಟೆ ವ್ಯಾಪಾರದ ಅನುಭವವಿರುವ ಸದಸ್ಯರು, ಶಾಲಾಭಿವೃದ್ಧಿ ಸಮಿತಿಗಳಲ್ಲಿರುವವರು, ಹಾಗೂ ವಿಶೇಷವಾಗಿ ಮನೆಯ ಹೆಣ್ಣುಮಕ್ಕಳು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಸಂಘದ ಕಚೇರಿಗೆ ತಲುಪಿಸಬೇಕು. ಜುಲೈ ತಿಂಗಳಲ್ಲಿ ಅಂಗಿ ಒಣಗಿಸುವವರು ಅವರೇ. ಈ ವಿಷಯದಲ್ಲಿ ಅವರ ಮಾತಿಗೆ ನನ್ನ ಮಾತಿಗಿಂತ ಹೆಚ್ಚು ತೂಕವಿದೆ.

– ಕಾರ್ಯದರ್ಶಿ